ಚರಗಕ್ಕೆ ಓಗೊಡುವವರು

ಶಿವಲಿಂಗವ್ವ ಮುಂಬಾಗಿಲಿನಿಂದ ಬಂದಳು. ನೇತ್ರಾಳಿಗೆ ಮೊದಲು ಚುಚ್ಚಿದ್ದೇ ಅದು.

ಹುನಗುಂದದ ಆ ಓಣಿಯಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಗೆ ಹಿತ್ತಲಲ್ಲಿ ಒಂದು ಸಣ್ಣ ಬಾಗಿಲು. ನೇತ್ರಾ ಮದುವೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಆ ಬಾಗಿಲಿಗೆ ಅಗಳಿ ಬಿದ್ದದ್ದನ್ನು ಅವಳು ಕಂಡಿರಲೇ ಇಲ್ಲ. ಸಾಸಿವೆ ತೀರಿದರೆ ಅಲ್ಲಿಂದ, ಹೆಪ್ಪಿಗೆ ಮೊಸರು ಬೇಕಾದರೆ ಅಲ್ಲಿಂದ, ಸೊಸೆಯ ಮೇಲೆ ಸಿಟ್ಟು ಬಂದು ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿದರೂ ಅಲ್ಲಿಂದಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶಿವಲಿಂಗವ್ವ ನುಗ್ಗಿ ಬರುತ್ತಿದ್ದಳು. ಈ ದೀಪಾವಳಿಯ ಮರುದಿನ ಆ ಕಡೆಯಿಂದ ಅಗಳಿ ಬಿತ್ತು. ಈಗ, ಎಳ್ಳ ಅಮಾವಾಸ್ಯೆಯ ಹಿಂದಿನ ದಿನ, ಅವಳು ಓಣಿ ಸುತ್ತಿ, ಮುಂದಿನ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, ಬೀಗರ ಮನೆಗೆ ಬಂದವಳ ಹಾಗೆ ಕೆಮ್ಮಿದಳು.

"ಅದೀಯೇನವಾ ನೇತ್ರಾ?"

"ಬರ್ರಿ ದೊಡ್ಡವ್ವ, ಬರ್ರಿ. ಇಲ್ಲೇ ಅದೇನಿ."

ನೇತ್ರಾ ರೊಟ್ಟಿ ಬಡಿಯುತ್ತಿದ್ದಳು. ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ದಿನಕ್ಕೆ ಎಂಬತ್ತು ರೊಟ್ಟಿ ಮಾಡಿಕೊಡುವುದು ಅವಳ ಕೆಲಸ. ಗಂಡ ಅಮರೇಶ ಇಲಕಲ್ಲಿನಿಂದ ಗ್ರಾನೈಟ್ ಕಲ್ಲು ಹೇರಿಕೊಂಡು ಮಂಗಳೂರು ಬಂದರಿಗೆ ಹೋಗುವ ಲಾರಿಯ ಡ್ರೈವರ್. ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಮಲಗಿ ಹೋಗುವವನು. ಹೀಗಾಗಿ ಆ ಮನೆಯಲ್ಲಿ ಇಡೀ ದಿನ ಕೇಳುವುದು ಎರಡೇ ಸದ್ದು. ಒಂದು, ಮರದ ಕೊಣಮಿಗೆಯ ಮೇಲೆ ರೊಟ್ಟಿ ಬಡಿಯುವ ಸದ್ದು. ಇನ್ನೊಂದು, ಒಂಬತ್ತು ವರ್ಷದ ಮಗಳು ಬನಶ್ರೀಯದು. ಎರಡನೆಯದರ ಬಗ್ಗೆಯೇ ಮಾತಾಡಲು ಶಿವಲಿಂಗವ್ವ ಬಂದದ್ದೆಂದು ನೇತ್ರಾಳಿಗೆ ಗೊತ್ತಿತ್ತು. ಆದರೂ ಅವಳು ಚಹಾಕ್ಕಿಟ್ಟಳು.

"ಚಾ ಬ್ಯಾಡ ತಗೀವಾ. ಕುಂದರಾಕ ಹೊತ್ತಿಲ್ಲ. ನಾಳಿ ಚರಗ ಐತೆಲ್ಲ, ಕಡಬು, ಹೋಳಿಗಿ, ಎಲ್ಲಾ ಹಂಗ ಬಿದ್ದೈತಿ." ಹಾಗೆನ್ನುತ್ತಲೇ ಆಕೆ ಕುಳಿತಳು. "ಅದಕ ಕರದು ಹೋಗೂನಂತ ಬಂದೆ."

ಕರೆದು ಹೋಗುವುದು! ನೇತ್ರಾಳ ಕೈಯಲ್ಲಿದ್ದ ರೊಟ್ಟಿ ಒಂದು ಕಡೆ ಹರಿಯಿತು.

ಈ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ಒಲೆಯ ಮುಂದೆ ಯಾರೂ ಉಣ್ಣುವುದಿಲ್ಲ. ಬುಟ್ಟಿ ತುಂಬಿಕೊಂಡು ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ ಬೆಳೆಯ ಸುತ್ತ ಚೆಲ್ಲಿ ಬರುತ್ತಾರೆ. ಭೂಮಿತಾಯಿ ಬಸುರಿ, ಅವಳ ಬಯಕೆಗೆ ಈ ಚರಗ. ಆಮೇಲೆ ಎಲ್ಲರ ಊಟ. ಹೊಲವಿಲ್ಲದವರು ಹೊಲವಿದ್ದವರ ಬಂಡಿ ಹತ್ತುತ್ತಾರೆ. ಈಗ ಟ್ರ್ಯಾಕ್ಟರ್ ಹತ್ತುತ್ತಾರೆ. ಇದಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ತನ್ನವರನ್ನು ಕರೆಯುವುದೆಂದರೇನು? ಹತ್ತು ವರ್ಷವೂ ನೇತ್ರಾ ಬುಟ್ಟಿ ಹೊತ್ತು ನೆಟ್ಟಗೆ ಹೋಗಿ ಶಿವಲಿಂಗವ್ವನ ಗಂಡ ಗುರಪ್ಪನ ಟ್ರ್ಯಾಕ್ಟರಿನ ಟ್ರಾಲಿ ಹತ್ತಿದವಳು. ತಡವಾದರೆ ಶಿವಲಿಂಗವ್ವ ಹಿತ್ತಲಿನಿಂದಲೇ "ಏ ನೇತ್ರಾ, ಏನ್ ನಿಬ್ಬಣಕ್ಕ ಹೊಂಟೀಯೇನ, ಲಗೂನ ಬಾ" ಎಂದು ಬೈಯುತ್ತಿದ್ದಳು. ಆ ಬೈಗುಳವೇ ಕರೆ. ಈಗ ಕರೆದರೆಂದರೆ, ಅವಳು ಹೊರಗಿನವಳಾದಳೆಂದೇ ಅರ್ಥ.

"ಬರ್ತೇನ್ರಿ ದೊಡ್ಡವ್ವ" ಎಂದಳು, ಹರಿದ ರೊಟ್ಟಿಯನ್ನು ಮತ್ತೆ ಹಿಟ್ಟಾಗಿ ನಾದುತ್ತಾ.

ಶಿವಲಿಂಗವ್ವ ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನೀ ಬಾರವಾ. ನೀ ಇಲ್ಲದ ನನಗೂ ಹೊಲದಾಗ ತುತ್ತು ಇಳಿಯೂದಿಲ್ಲ, ಖರೇನ ಹೇಳ್ತೇನಿ. ಆದರ... ನಮ್ಮ ಸಿದ್ದಾರ್ಥ ಅದಾನಲ್ಲ, ಇನ್ನೂ ನಿದ್ದ್ಯಾಗ ಬೆಚ್ಚತಾನ. ನನ್ನ ಸೊಸಿ ಅಂತೂ, ಆ ಹುಡುಗಿ ಬಂದ್ರ ನಾ ಟ್ರಾಲಿ ಹತ್ತೂದಿಲ್ಲ ಅಂತ ಕುಂತಾಳ. ಅಕೀದೂ ತಪ್ಪಲ್ಲ, ಹಡದಾಕಿ. ಒಂದ್ ದಿನದ ಮಾತು. ಬನೂನ್ನ ಅಮೀನಗಡಕ್ಕ ನಿಮ್ಮತ್ತಿ ಕಡೆ ಬಿಟ್ಟು ಬರಾಕಾಗೂದಿಲ್ಲೇನು?"

ನೇತ್ರಾ ಇನ್ನೊಂದು ಹಿಟ್ಟಿನ ಉಂಡೆ ಕೈಗೆ ತೆಗೆದುಕೊಂಡಳು. ಶಿವಲಿಂಗವ್ವ ಎದ್ದು ನಿಂತು, "ನಮ್ಮ ಹೊಲ ಅಮೀನಗಡದ ರೋಡಿಗೇ ಐತಿ. ಬಿಟ್ಟು ಬರೂಮುಂದ ಅಲ್ಲೇ ಇಳಕೋ. ಹತ್ತರ ಮ್ಯಾಲ ನಾವೂ ಬರ್ತೇವಿ" ಎಂದು ಎಲ್ಲ ಲೆಕ್ಕವನ್ನೂ ತಾನೇ ಹಾಕಿ, ಮುಂಬಾಗಿಲಿನಿಂದಲೇ ಹೋದಳು.

*

ದೀಪಾವಳಿಯ ಸಂಗತಿ ಇಷ್ಟು. ಬನೂ ಎರಡು ತಾಸು ಕುಳಿತು ಅಂಗಳದಲ್ಲಿ ರಂಗೋಲಿ ಹಾಕಿದ್ದಳು. ಪಕ್ಕದ ಮನೆಯ ಐದು ವರ್ಷದ ಸಿದ್ದಾರ್ಥ ಸುರುಸುರುಬತ್ತಿ ಹಿಡಿದು ಅದರ ಮೇಲೆ ಓಡಿಹೋದ. ಬನೂಳ ಕೈಯಲ್ಲಿ ಹಿತ್ತಾಳೆಯ ತಂಬಿಗೆ ಇತ್ತು. ಎಸೆದಳು. ಹುಡುಗನ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಅವನನ್ನು ಎತ್ತಿಕೊಂಡು ದವಾಖಾನೆಗೆ ಓಡಿದವಳು ನೇತ್ರಾಳೇ. ತಿರುಗಿ ಬಂದಾಗ ಅವಳ ಸೀರೆಯ ರಕ್ತ ನೋಡಿ ಬನೂ, "ಅವ್ವಾ, ನಿನಗ ಏನಾತು?" ಎಂದು ಅಳುತ್ತಾ ಕೇಳಿದಳು. ತಾನು ಮಾಡಿದ್ದೆಂಬುದು ಅವಳಿಗೆ ಆಮೇಲೆ, ಬಹಳ ಆಮೇಲೆ, ಒಂದೊಂದೇ ಹನಿಯಾಗಿ ಇಳಿಯಿತು.

ಅದು ಮೊದಲನೆಯದೂ ಅಲ್ಲ. ಸಾಲಿಯಲ್ಲಿ ಬೆಂಚು ಉರುಳಿಸಿದ್ದಳು. ಮದುವೆಯೊಂದರಲ್ಲಿ ಬೀಗರ ಹೆಂಗಸಿನ ಕೈ ಕಚ್ಚಿದ್ದಳು. ಮೊದಲು ಕಿವಿ ಕೆಂಪಾಗುತ್ತವೆ, ಆಮೇಲೆ ಲಂಗದ ಅಂಚನ್ನು ಬೆರಳಲ್ಲಿ ತಿಕ್ಕುತ್ತಾಳೆ, ಆಮೇಲೆ ಬರುವುದು ಬಂದೇ ಬರುತ್ತದೆ. ಬಂದು ಹೋದ ಮೇಲೆ ಜ್ವರ ಬಿಟ್ಟವಳಂತೆ ಮಲಗಿ, ಎದ್ದು ಹಾಲು ಕೇಳುತ್ತಾಳೆ. ನೇತ್ರಾಳ ಅತ್ತೆ ಶುಕ್ರವಾರ ನಿವಾಳಿಸಿದಳು, ದಾರ ಕಟ್ಟಿಸಿದಳು, ಕಡೆಗೆ "ಹೆತ್ತವರಿಗೆ ಹೆಗ್ಗಣ ಮುದ್ದು, ನೀನ ಕೆಡಿಸೀದಿ" ಎಂದು ಕೈಬಿಟ್ಟಳು. ಅಮರೇಶ ಬಂದಾಗೊಮ್ಮೆ ಹೊಡೆಯುತ್ತಾನೆ. ಹೊಡೆದು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾನೆ. ಲಾರಿಯ ಕೀಲಿ ಕಿಸೆಯಲ್ಲಿರುವ ಮನುಷ್ಯನಿಗೆ ಅಳುವುದು ಸುಲಭ, ಎಂದು ನೇತ್ರಾ ಅಂದುಕೊಳ್ಳುತ್ತಾಳೆ. ಅನ್ನುವುದಿಲ್ಲ.

ಬಾಗಲಕೋಟೆಯ ಡಾಕ್ಟರಮ್ಮ ಮಾತ್ರ ಬೈಯಲಿಲ್ಲ. ಮೈಸೂರಿನ ಕಡೆಯವಳು, ಪುಸ್ತಕದ ಹಾಗೆ ಮಾತಾಡುವವಳು. "ಸಿಟ್ಟಿಗೂ ಕೈಗೂ ನಡುವೆ ಎಲ್ಲರಿಗೂ ಒಂದು ಅಂಗಳ ಇರುತ್ತಮ್ಮ. ನಿಮ್ಮ ಮಗಳಿಗೆ ಬರೀ ಹೊಸ್ತಿಲಿದೆ. ಅಂಗಳ ಮಾಡಿಕೊಡೋದಕ್ಕೆ ವರ್ಷಗಳು ಬೇಕು. ಸಿಟ್ಟು ಬಂದಾಗ ಮಾತು ಕಮ್ಮಿ ಮಾಡಿ, ಹತ್ತಿರ ಇರಿ. ಮುಂದೆ ಏನಾಗುತ್ತೆ ಅನ್ನೋದನ್ನ ಮೊದಲೇ ಹೇಳಿಬಿಡಿ. ಒಂದು ಮಾತ್ರ ಮಾಡಬೇಡಿ, ಸುಳ್ಳು ಹೇಳಿ ಎಲ್ಲಿಗೂ ಕರ್ಕೊಂಡು ಹೋಗಬೇಡಿ" ಎಂದಿದ್ದಳು.

ತಿಂಗಳಿಗೊಮ್ಮೆ ಆ ಡಾಕ್ಟರಮ್ಮನ ಮುಂದೆ ಇಪ್ಪತ್ತು ನಿಮಿಷ ಕುಳಿತಾಗಲೇ ನೇತ್ರಾ ತನ್ನ ವಯಸ್ಸಿನ ಒಬ್ಬ ಹೆಂಗಸಿನೊಡನೆ ಮಾತಾಡುತ್ತಿದ್ದುದು. ಉಳಿದಂತೆ ನಳದ ಹತ್ತಿರ ಅವಳು ಕೊಡ ಇಟ್ಟರೆ ಸರದಿ ತಾನಾಗಿ ಮುಂದೆ ಬರುತ್ತಿತ್ತು. ಎಲ್ಲರಿಗೂ ಬೇಗ ನೀರು ತುಂಬಿಕೊಂಡು ಹೋಗುವ ಅವಸರ ಹುಟ್ಟುತ್ತಿತ್ತು. ಗಿರಣಿಯ ಶಮಶಾದಬಿ ಒಬ್ಬಳೇ, "ಏನ್ ಬೇ, ಸೊರಗೀದಿ" ಎಂದು ಕೇಳುವವಳು. ಅದೂ ಹಿಟ್ಟಿನ ಮೆಷಿನ್ನಿನ ಗದ್ದಲದಲ್ಲಿ. ಉತ್ತರ ಕೇಳಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತು.

ಅದಕ್ಕೇ ಅವಳಿಗೆ ನಾಳೆ ಆ ಟ್ರಾಲಿಯಲ್ಲಿ ಹೆಂಗಸರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತುಕೊಳ್ಳಬೇಕಿತ್ತು. ಅಷ್ಟೇ. ಒಂದು ದಿನ ಯಾರದೋ ಸೊಸೆಯ ಚಾಡಿ, ಯಾರದೋ ಸೀರೆಯ ದರ, ಯಾರದೋ ಹೋಳಿಗೆ ಹರಿದದ್ದರ ನಗೆ, ಇಷ್ಟು ಕಿವಿಗೆ ಬೀಳಬೇಕಿತ್ತು.

ಅಮರೇಶನಿಗೆ ಫೋನ್ ಮಾಡಿದಳು. ಹಿಂದೆ ಲಾರಿಯ ಸದ್ದು.

"ಹೋಗಿ ಬಾ" ಎಂದ ಅವನು. "ಒಂದಿನ ಆರಾಮ ಇರು. ನಮ್ಮವ್ವಗ ನಾ ಹೇಳ್ತೇನಿ."

"ಬನೂಗ ಏನ್ ಹೇಳ್ಲಿ?"

"ಆಯಿ ಕರದಾಳ ಅನ್ನು. ಕರದಂಟು ಕೊಡಸ್ತಾಳ ಅನ್ನು. ಸಣ್ಣ ಹುಡುಗಿ, ಏನ್ ತಿಳೀತೈತಿ."

"ಅಕೀಗೆ ಚರಗ ಅಂದ್ರ ಜೀವರಿ."

ಅವನು "ಘಾಟ್ ಬಂತು, ಇಡ್ತೇನಿ" ಎಂದ.

ಅದು ಖರೆಯೇ. ಬನೂಳಿಗೆ ವರ್ಷವಿಡೀ ಇರುವುದು ಆ ಒಂದು ದಿನ. ಚರಗ ಚೆಲ್ಲುವುದು ಒಬ್ಬರ ಕೆಲಸವಲ್ಲ. ಮುಂದಿನವರು ಬುಟ್ಟಿ ಹಿಡಿದು ಚೆಲ್ಲುತ್ತಾ "ಹುಲ್ಲುಲ್ಲಿಗ್ಯೋ" ಎಂದು ಕೂಗಬೇಕು. ಹಿಂದಿನವರು ತಂಬಿಗೆಯ ನೀರು ಚಿಮುಕಿಸುತ್ತಾ "ಚಲ್ಲಂಬ್ರಿಗ್ಯೋ" ಎಂದು ಓಗೊಡಬೇಕು. ಊರಿಂದೂರಿಗೆ ಈ ಕೂಗು ಬೇರೆ. ಅರ್ಥ ಯಾರಿಗೂ ಗೊತ್ತಿಲ್ಲ. ಆದರೆ ಗುರಪ್ಪಮುತ್ಯಾನ ನಿಯಮ ಬಿಗಿ: "ಓಗೊಡದ ಚರಗ ಭೂಮಿತಾಯಿಗೆ ಮುಟ್ಟೂದಿಲ್ಲ. ಹಿಂದಿನಾವ ಓ ಅಂದ ಮ್ಯಾಲನ ಮುಂದಿನಾವನ ಮುಂದಿನ ಹೆಜ್ಜಿ." ಹೋದ ವರ್ಷ ಓಗೊಡಲು ಅವನು ಬನೂಳನ್ನು ನಿಲ್ಲಿಸಿದ್ದ. ಮನೆಯಲ್ಲಿ, ಸಾಲಿಯಲ್ಲಿ, ಓಣಿಯಲ್ಲಿ ಎಲ್ಲರೂ ಕಿವಿ ಮುಚ್ಚಿಕೊಳ್ಳುವ ಆ ದನಿ, ಎದೆಯೆತ್ತರ ಬೆಳೆದ ಬಿಳಿಜೋಳದ ಮೇಲೆ ಹಾಯ್ದು ಹಳ್ಳದಾಚೆಯವರೆಗೆ ಹೋಗಿತ್ತು. ಅಲ್ಲಿಯವರೂ ತಿರುಗಿ ಕೂಗಿದ್ದರು. "ಹಾ! ಇಂಥಾ ದನಿ ಒಂದಿದ್ರ ಹತ್ತು ಹೊಲಕ್ಕ ಸಾಕ ನೋಡು" ಎಂದು ಮುತ್ಯಾ ಅವಳ ತಲೆ ಸವರಿದ್ದ. ಅಂದಿನಿಂದ ಅವಳು ಬಚ್ಚಲಲ್ಲಿ, ಹಿತ್ತಲಲ್ಲಿ, ಸಾಲಿಗೆ ಹೋಗುವ ದಾರಿಯಲ್ಲಿ ಆ ಓಗೊಡುವುದನ್ನು ರೂಢಿ ಮಾಡುತ್ತಲೇ ಇದ್ದಳು.

ನೇತ್ರಾ ರಾತ್ರಿ ಅವಳ ತಲೆ ಬಾಚುತ್ತಾ, "ಈ ಸಲ ಗುರಪ್ಪಮುತ್ಯಾ ಚರಗ ಮಾಡಾವಲ್ಲಂತ. ನಾಳಿ ಆಯಿ ಊರಿಗೆ ಹೋಗೂಣು" ಎಂದಳು. ಅಷ್ಟು ಸಲೀಸಾಗಿ ಬಂದ ಸುಳ್ಳಿಗೆ ಅವಳಿಗೇ ಬೆರಗಾಯಿತು.

*

ಬೆಳಿಗ್ಗೆ ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಡುಬು, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನ. ಮೇಲೆ ಹಳೆಯ ಇಲಕಲ್ ಸೀರೆಯ ಸೆರಗಿನ ತುಂಡು ಕಟ್ಟಿದಳು. ಬಸ್ ನಿಲ್ದಾಣದಲ್ಲಿ ಕಟ್ಟೆಯ ಮೇಲೆ ಕುಳಿತ ಬನೂ ಆ ಗಂಟನ್ನೇ ನೋಡುತ್ತಿದ್ದಳು. ಎಂಟೂವರೆಯ ಬಸ್ಸು ಬಂದಿರಲಿಲ್ಲ. ಒಂಬತ್ತೂವರೆಯಾಯಿತು.

"ಅವ್ವಾ, ಕಡಬು ಯಾಕ ಮಾಡೀದಿ?"

"ಆಯಿಗೆ."

"ಸಜ್ಜಿ ರೊಟ್ಟಿ?"

"ಅದೂ ಆಯಿಗೇ."

"ಆಯಿಗೆ ಹಲ್ಲ ಎಲ್ಲಿ ಅದಾವು?"

ಪಕ್ಕದಲ್ಲಿ ಕುಳಿತಿದ್ದ ಮುದುಕನೊಬ್ಬ ನಕ್ಕ. ನೇತ್ರಾಳೂ ನಗಲು ನೋಡಿದಳು. ಬನೂ ನಗಲಿಲ್ಲ.

"ತಂಬಿಗಿ ಯಾಕ ತಂದಿ?"

ಅಷ್ಟರಲ್ಲೇ ರಸ್ತೆಯಲ್ಲಿ ಮೊದಲ ಟ್ರ್ಯಾಕ್ಟರ್ ಹಾಯಿತು. ಕಬ್ಬಿನ ಗಳ ಕಟ್ಟಿದ ಟ್ರಾಲಿ, ಹೊಸ ಸೀರೆಗಳು, ಮೊಬೈಲಿನಲ್ಲಿ ಹಾಡು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಒಂದು ಎತ್ತಿನ ಬಂಡಿ, ಕೋಡಿಗೆ ಬಣ್ಣ. ಬನೂ ಎದ್ದು ನಿಂತಳು. ಅವಳ ಕಿವಿಗಳು ಕೆಂಪಾದವು. ಬೆರಳು ಲಂಗದ ಅಂಚಿಗೆ ಹೋಯಿತು.

ನಾಲ್ಕನೆಯದು ಗುರಪ್ಪಮುತ್ಯಾನ ಟ್ರ್ಯಾಕ್ಟರ್. ಸ್ಟಿಯರಿಂಗ್ ಮೇಲೆ ಅವನೇ, ಹಳದಿ ರುಮಾಲು ಸುತ್ತಿ ಕುಳಿತಿದ್ದ.

"ಮುತ್ಯಾ ಹೊಂಟಾನ" ಎಂದಳು ಬನೂ. ಮೆಲ್ಲಗೆ. ಆಮೇಲೆ ತಾಯಿಯ ಕಡೆ ತಿರುಗಿದಳು. "ಸುಳ್ಳಿ!"

ಮುಂದಿನದು ಒಮ್ಮೆಲೇ ಆಯಿತು. ಬುಟ್ಟಿ ಕಟ್ಟೆಯಿಂದ ಉರುಳಿತು. ಎಣ್ಣೆಗಾಯಿ ನೆಲಕ್ಕೆ ಚೆಲ್ಲಿತು. ನೇತ್ರಾ ತಂಬಿಗೆಯನ್ನು ಮೊದಲು ಹಿಂದಕ್ಕೆ ಸರಿಸಿದಳು. ಅದೊಂದು ಅವಳ ಕೈಗೆ ರೂಢಿ. ಸರಿಸಿದ ಕೈಗೆ ಬನೂ ಹಲ್ಲು ಹಾಕಿದಳು. ಬಳೆ ಒಡೆದವು. ಹುಡುಗಿ ನೆಲಕ್ಕೆ ಬಿದ್ದು ಹೊರಳುತ್ತಾ, ಕಾಲು ಬಡಿಯುತ್ತಾ, ಗಂಟಲು ಹರಿಯುವಂತೆ ಒದರಿದಳು. "ಸುಳ್ಳಿ! ಸುಳ್ಳಿ! ನೀ ಸುಳ್ಳಿ!"

ಜನ ಕೂಡಿತು. ಕೂಡದೆ ಇರುತ್ತದೆಯೇ?

"ಗಾಳಿ ಹೊಕ್ಕೈತಿ ಬಿಡ್ರಿ. ಅಮಾಸಿ ಬ್ಯಾರೆ."

"ಎಂಥಾ ಗಾಳಿ? ಎರಡು ಬಿಗದ್ರ ಎಲ್ಲಾ ಇಳೀತೈತಿ."

"ನಮ್ಮಪ್ಪ ಹಿಂಗಿದ್ರ ನಮ್ಮನ್ನ ಬೇವಿನ ಗಿಡಕ್ಕ ಕಟ್ತಿದ್ದ."

"ತಾಯಿನ್ನ ನೋಡ್ರಿ, ಸುಮ್ಮ ಕುಂತಾಳ ಕಲ್ಲಿನಂಗ."

ನೇತ್ರಾ ಸುಮ್ಮನೆ ಕುಳಿತಿದ್ದಳು. ನೆಲದ ಮೇಲೆ, ಒಂದು ಮೊಳ ದೂರ. ಮುಟ್ಟದೆ, ಮಾತಾಡದೆ. ಕಲ್ಲಿನಂತೆ ಕೂಡುವುದನ್ನು ಕಲಿಯಲು ಅವಳಿಗೆ ಮೂರು ವರ್ಷ ಹಿಡಿದಿತ್ತೆಂದು ಈ ಮಂದಿಗೆ ಯಾರು ಹೇಳಬೇಕು? ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಅವಳು ಅವನತ್ತ ನೋಡಿ, "ಅಣ್ಣಾ, ನಿನ್ನ ಕಾಲಿಗೆ ಬೀಳ್ತೇನಿ, ಅದನ್ನ ಇಳಸು" ಎಂದಳು. ಅವನು ಇಳಿಸಿದ. ಇನ್ನೊಬ್ಬ ಎತ್ತಿದ.

ಗುರಪ್ಪಮುತ್ಯಾನ ಟ್ರ್ಯಾಕ್ಟರ್ ನಿಂತೇಬಿಟ್ಟಿತ್ತು. ಟ್ರಾಲಿಯ ಮೇಲಿಂದ ಎಲ್ಲರೂ ನೋಡುತ್ತಿದ್ದರು. ಶಿವಲಿಂಗವ್ವ ಎದ್ದು ನಿಂತು ಕತ್ತು ಉದ್ದ ಮಾಡಿದಳು. ಅವಳ ಸೊಸೆ ವಿದ್ಯಾ ಸಿದ್ದಾರ್ಥನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಿದ್ದಳು. ಮುತ್ಯಾ ಕೆಳಗಿಳಿಯಲು ಒಂದು ಕಾಲು ಚಾಚಿದ. ಇಳಿಯಲಿಲ್ಲ, ಹಾಗೇ ಒಂದು ಕಾಲು ಹೊರಗೆ ಬಿಟ್ಟು, ನೇತ್ರಾಳನ್ನು ಕಾಯುತ್ತಾ ಕುಳಿತ. ಏನು ಮಾಡಲಿ, ನೀನೇ ಹೇಳು ಎಂಬಂತೆ.

ಅವರೊಡನೆ ಹೋಗಲು ಈಗಲೂ ದಾರಿಯಿತ್ತು. ಗುರುತಿನ ಖಾನಾವಳಿ ಎದುರಿಗೇ ಇತ್ತು; ಸಾಹುಕಾರನ ಹೆಂಡತಿ ಗುರುಸಿದ್ದವ್ವ ಬಾಗಿಲಲ್ಲಿ ನಿಂತು, "ಹುಡುಗಿನ್ನ ಇಲ್ಲಿ ಒಳಗ ಹಾಕಿ ಚಿಲಕ ಹಾಕ್ತೇನಿ, ನೀ ಹೋಗಿ ಬಾರವಾ, ಹಬ್ಬದ ದಿನ" ಎಂದು ಕೂಗುತ್ತಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನೇತ್ರಾ ಟ್ರಾಲಿಯನ್ನು ನೋಡಿದಳು. ಶಿವಲಿಂಗವ್ವನ ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟಿತ್ತು. ಖರೆಯೇ ಬಿಟ್ಟಿತ್ತು. ಆ ಜಾಗದ ಮೇಲೆ ಒಂದು ಗೋಣಿಚೀಲವನ್ನೂ ಮಡಚಿ ಹಾಸಿದ್ದರು.

ನೇತ್ರಾ ಹಲ್ಲಿನ ಗುರುತು ಮೂಡಿದ ಕೈಯನ್ನೇ ಎತ್ತಿ, ಹೋಗ್ರಿ, ನೀವು ಹೋಗ್ರಿ ಎಂದು ಬೀಸಿದಳು.

ಮುತ್ಯಾ ಕಾಲು ಒಳಗೆ ತೆಗೆದುಕೊಂಡ. ಟ್ರ್ಯಾಕ್ಟರ್ ಹೋಯಿತು.

*

ಬನೂಳ ಒದರಾಟ ಇಳಿಯಲು ಮುಕ್ಕಾಲು ತಾಸು ಹಿಡಿಯಿತು. ಅಷ್ಟರಲ್ಲಿ ಅಮೀನಗಡದ ಬಸ್ಸು ಬಂದು ಹೋಗಿತ್ತು. ನೋಡಲು ಏನೂ ಉಳಿಯದಿದ್ದರಿಂದ ಮಂದಿಯೂ ಚದುರಿದ್ದರು. ಮುದುಕನೊಬ್ಬನೇ ಇನ್ನೂ ಕುಳಿತಿದ್ದ. ಅವನು ಬುಟ್ಟಿಯನ್ನು ನೆಟ್ಟಗಿಟ್ಟು, ಮಣ್ಣಾಗದ ಕಡುಬುಗಳನ್ನು ಒಂದೊಂದಾಗಿ ಆರಿಸಿ ಹಾಕಿದ. ನೇತ್ರಾಳಿಗೆ ಆ ದಿನ ಸಿಕ್ಕ ನೆಂಟಸ್ತನವೆಂದರೆ ಅಷ್ಟು.

"ಬನೂ" ಎಂದಳು ನೇತ್ರಾ. "ನಾ ಸುಳ್ಳ ಹೇಳಿದ್ದೆ."

ಹುಡುಗಿ ಗೋಡೆ ನೋಡುತ್ತಿದ್ದಳು.

"ಮುತ್ಯಾ ಚರಗ ಮಾಡಾಕತ್ತಾನ. ನಮ್ಮನ್ನ... ನಿನ್ನ ಬಿಟ್ಟು ಬಾ ಅಂದಿದ್ರು. ಸಿದ್ದು ಅಂಜತಾನ ಅಂತ. ನನಗೂ ಹೋಗಬೇಕಂತ ಭಾಳ ಅನಿಸಿತ್ತು." ತಡೆದಳು. ಮಾತು ಕಮ್ಮಿ ಮಾಡಿ ಎಂದಿದ್ದಳು ಡಾಕ್ಟರಮ್ಮ. "ಈಗ ಎದ್ದು ನಡಕೋತ ಹೋಗೂಣು. ಊರು ದಾಟಿದ ಮ್ಯಾಲ ಯಾವದರ ಹೊಲ ಸಿಗತೈತಿ. ಅಲ್ಲಿ ಚರಗ ಚೆಲ್ಲೂಣು. ಉಣ್ಣೂಣು. ಆಮ್ಯಾಲ ಮನಿ."

ಬನೂ ಎದ್ದಳು. ಕೈ ಹಿಡಿಯಲಿಲ್ಲ. ತಂಬಿಗೆಯನ್ನು ನಲ್ಲಿಯಲ್ಲಿ ತುಂಬಿ ಅವಳ ಕೈಗೆ ಕೊಟ್ಟಾಗ ಮಾತ್ರ ಬೇಡವೆನ್ನಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ನಡೆದು ಬಂದಳು.

ಊರು ಮುಗಿದು, ಪೆಟ್ರೋಲ್ ಬಂಕ್ ಮುಗಿದು, ಎರೆಹೊಲ ಸುರುವಾಯಿತು. ರಸ್ತೆಯ ಎಡಕ್ಕೆ ಒಂದು ಜೋಳದ ಹೊಲ, ಯಾರದೋ. ಬದುವಿನ ಮೇಲೆ ಸಣ್ಣದೊಂದು ಬನ್ನಿಗಿಡ. ದೂರದಲ್ಲಿ ಅಲ್ಲಲ್ಲಿ ಟ್ರಾಲಿಗಳು ನಿಂತಿದ್ದವು, ಬಣ್ಣಬಣ್ಣದ ಸೀರೆಗಳು ಬೆಳೆಯ ನಡುವೆ ಕಂಡು ಮರೆಯಾಗುತ್ತಿದ್ದವು. ಈ ಹೊಲಕ್ಕೆ ಮಾತ್ರ ಯಾರೂ ಬಂದಿರಲಿಲ್ಲ. ನೇತ್ರಾ ಐದು ಮಣ್ಣಿನ ಹೆಂಟೆ ಆರಿಸಿಟ್ಟು, ನೀರು ಚಿಮುಕಿಸಿ, ತನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತೆಗೆದು ಅವಕ್ಕೆ ಹಚ್ಚಿದಳು. ಉಳಿದ ಅಡಿಗೆಯನ್ನು ಒಂದಿಷ್ಟು ಕಲಸಿದಳು. ಬದುವಿನ ಮೂಲೆಗೆ ಹೋಗಿ, ಒಂದು ಹಿಡಿ ಚೆಲ್ಲಿ ಕೂಗಿದಳು.

"ಹುಲ್ಲುಲ್ಲಿಗ್ಯೋ!"

ಓಗೊಡುವವರಿಲ್ಲ. ಜೋಳದ ಎಲೆ ಸರಗುಟ್ಟಿತು. ರಸ್ತೆಯ ಮೇಲೆ ಒಂದು ಲಾರಿ ಹೋಯಿತು.

ನೇತ್ರಾ ತಿರುಗಲಿಲ್ಲ. ತಿರುಗಿ ನೋಡಿದರೆ ಅದು ಕೇಳಿದಂತಾಗುತ್ತದೆ. ಇನ್ನೊಮ್ಮೆ ಕೂಗಿದಳು. ಹತ್ತು ವರ್ಷ ಗುಂಪಿನಲ್ಲಿ ಕೂಗಿದವಳಿಗೆ ತನ್ನ ಒಂಟಿ ದನಿ ಇಷ್ಟು ತೆಳ್ಳಗಿದೆಯೆಂದು ಈಗಲೇ ಗೊತ್ತಾದದ್ದು. ಯಾರೂ ಓ ಅನ್ನಲಿಲ್ಲ. ಓ ಅನ್ನದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಹೊಲವೂ ತನ್ನದಲ್ಲ, ನಿಯಮವೂ ತನ್ನ ಮನೆಯದಲ್ಲ. ಇಟ್ಟರೆ ಯಾರು ಕೇಳುತ್ತಾರೆ? ಆದರೂ ಅವಳು ಇಡಲಿಲ್ಲ. ಮೂಲೆಯಲ್ಲೇ ನಿಂತಳು, ಎಂಜಲು ಕಾಯುವವಳ ಹಾಗೆ ಬುಟ್ಟಿ ಹಿಡಿದುಕೊಂಡು.

ಮೂರನೆಯ ಸಲ ಕೂಗಿದಾಗ, ಹೊಲದ ಆಚೆ ತುದಿಯಿಂದ, ಬೆಳೆಯ ಹಿಂದಿನಿಂದ, ಗಂಡಸಿನ ಗಡುಸು ದನಿಯೊಂದು ಬಂತು.

"ಚಲ್ಲಂಬ್ರಿಗ್ಯೋ!"

ಯಾರೋ. ಮುಖ ಕಾಣಲಿಲ್ಲ. ತಮ್ಮ ಹೊಲದಲ್ಲಿ ಇದ್ದವರು, ಕೂಗು ಕಿವಿಗೆ ಬಿದ್ದದ್ದಕ್ಕೆ ಓಗೊಟ್ಟಿದ್ದರು. ನೇತ್ರಾ ಹೆಜ್ಜೆಯಿಟ್ಟಳು, ಚೆಲ್ಲಿದಳು, ಕೂಗಿದಳು. ಮತ್ತೆ ಆ ದನಿ. ಮತ್ತೆ ಹೆಜ್ಜೆ. ಹೊಲದ ಒಂದು ಬದಿ ಮುಗಿಯಿತು. ಎರಡನೆಯ ಬದಿಗೆ ತಿರುಗುವಾಗ ಅವಳ ಹಿಮ್ಮಡಿಗೆ ತಣ್ಣಗೆ ನೀರು ಬಿತ್ತು.

ತಿರುಗಿದಳು. ಬನೂ ಹಿಂದೆಯೇ ಬರುತ್ತಿದ್ದಳು. ತಂಬಿಗೆಯಲ್ಲಿ ಬೆರಳದ್ದಿ ಚಿಮುಕಿಸುತ್ತಿದ್ದಳು. ಬಾಯಿ ಅಗಲಕ್ಕೆ ತೆರೆದಿತ್ತು, ಕತ್ತಿನ ನರ ಉಬ್ಬಿದ್ದವು. ಸದ್ದು ಮಾತ್ರ ಬರುತ್ತಿರಲಿಲ್ಲ. ಮುಕ್ಕಾಲು ತಾಸು ಒದರಿದ ಗಂಟಲಲ್ಲಿ ದನಿ ಸತ್ತೇಹೋಗಿತ್ತು. ಬರೀ ಗಾಳಿ, ತೂತು ಬಿದ್ದ ಪೀಪಿಯಂತೆ. ಹತ್ತು ಹೊಲಕ್ಕೆ ಸಾಕು ಎಂದು ಮುತ್ಯಾ ಹೊಗಳಿದ ದನಿ! ಹುಡುಗಿ ತನ್ನ ಗಂಟಲನ್ನು ಮುಟ್ಟಿ ತೋರಿಸಿದಳು. ಕಣ್ಣು ತುಂಬಿ ಬಂದವು. ಕಿವಿ ಕೆಂಪಾಗಲಿಲ್ಲ.

"ಮೊದಲಿಂದ ಅಂತಿದ್ದ್ಯಾ?" ಎಂದು ಕೇಳಿದಳು ನೇತ್ರಾ.

ಹೂಂ ಎಂದು ತಲೆಯಾಡಿಸಿದಳು.

ಮೊದಲ ಕೂಗಿನಿಂದಲೂ. ತಿರುಗಿ ನೋಡಿದ್ದರೆ ಕಂಡಿರುತ್ತಿತ್ತು. ನೇತ್ರಾ ಬುಟ್ಟಿಯಿಂದ ಒಂದು ಕಡುಬು ತೆಗೆದು ಮುಂದೆ ಹಿಡಿದಳು. ಬನೂ ತಂಬಿಗೆಯನ್ನು ಕಂಕುಳಲ್ಲಿ ಅವುಚಿ, ಕಡುಬನ್ನು ಒಂದೇ ತುತ್ತಿಗೆ ಬಾಯಿಗೆ ತುಂಬಿಕೊಂಡಳು. ಇಬ್ಬರೂ ಹೊರಟರು. ತಾಯಿ ಕೂಗುವುದು, ಮಗಳು ಬಾಯಿ ತೆರೆಯುವುದು, ಎಲ್ಲಿಂದಲೋ ಯಾರೋ ಓಗೊಡುವುದು. ಎರಡನೆಯ ಬದಿ, ಮೂರನೆಯ ಬದಿ ಹೀಗೆ ಮುಗಿದವು. ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಒಮ್ಮೆ ನಡುಗಿತು. 'ಮುಟ್ಟಿದ್ರಿ?' ಎಂದು ಅಮರೇಶ ಕೇಳಿರಬೇಕು. ತೆಗೆದು ನೋಡಲಿಲ್ಲ. ಸಂಜೆ ಓಣಿಗೆ ಹೋದರೆ ಎಲ್ಲರ ಮೊಬೈಲಿನಲ್ಲೂ ಬಸ್ ನಿಲ್ದಾಣ ಇರುತ್ತದೆ. ಹಿತ್ತಲ ಬಾಗಿಲಿಗೆ ಅಗಳಿ ಇದ್ದೇ ಇರುತ್ತದೆ. ನಾಳೆ ಎಂಬತ್ತು ರೊಟ್ಟಿಯೂ ಇರುತ್ತವೆ.

ನಾಲ್ಕನೆಯ ಬದಿಯ ಅರ್ಧಕ್ಕೆ ಬಂದಾಗ ಆ ದನಿ ನಿಂತಿತು. ಊಟಕ್ಕೆ ಕುಳಿತಿರಬೇಕು. ನೇತ್ರಾ ಕೂಗಿದಳು. ಕಾದಳು. ಇನ್ನೊಮ್ಮೆ ಕೂಗಿದಳು. ದೂರದಲ್ಲಿ ಹೆಂಗಸರು ಒಟ್ಟಿಗೆ ನಕ್ಕದ್ದು ಕೇಳಿಸಿತು, ಪಾತ್ರೆಯ ಸದ್ದು ಕೇಳಿಸಿತು. ಓಗೊಟ್ಟದ್ದು ಕೇಳಿಸಲಿಲ್ಲ. ಬುಟ್ಟಿಯಲ್ಲಿ ಇನ್ನೂ ಎರಡು ಹಿಡಿ ಉಳಿದಿತ್ತು.

ಆಗ ಬೆನ್ನ ಹಿಂದೆ, ಸೊಂಟದ ಎತ್ತರದಿಂದ, ಹೊಟ್ಟು ತೂರಿದಂಥ ಒಂದು ಸದ್ದು ಬಂತು. ಮಾತು ಅನ್ನುವಂತಿಲ್ಲ. ಗಾಳಿ ಅನ್ನುವಂತೆಯೂ ಇಲ್ಲ.

"...ಲಂಬ್ರಿಗ್ಯೋ."

ಭೂಮಿತಾಯಿಗೆ ಅದು ಕೇಳಿಸಿತೋ ಇಲ್ಲವೋ. ನೇತ್ರಾ ಮುಂದಿನ ಹೆಜ್ಜೆ ಇಟ್ಟಳು.